ನೆಲ ಬೇರೆ, ಮನೆ ಬೇರೆ

ಬೈಲಕುಪ್ಪೆಗೆ ಹೋಗಿ ಬಂದವರು ಹಾಕೋ ಫೋಟೋಗಳು ನಿಮಗೂ ಗೊತ್ತು: ಗೋಲ್ಡನ್ ಟೆಂಪಲ್, ಮೊಮೊ ತಟ್ಟೆ, ಬಣ್ಣದ ಬಾವುಟಗಳ ಸಾಲು. ಆ ಊರಿನ ಬಗ್ಗೆ ಬರೆಯೋರೂ ಅಲ್ಲಿಗೇ ನಿಲ್ಲಿಸ್ತಾರೆ. ಅಲ್ಲಿನ ನೆಲದ ಲೆಕ್ಕ ಯಾರೂ ಕೇಳಲ್ಲ ಅನ್ನೋದು ನನ್ನ ತಕರಾರು.

1960ರಲ್ಲಿ ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಸುಮಾರು 3,000 ಎಕರೆಯನ್ನು ಟಿಬೆಟ್ ನಿರಾಶ್ರಿತರಿಗೆ ಬಿಟ್ಟುಕೊಟ್ಟಿತು. ಕೊಟ್ಟಿದ್ದು ಗುತ್ತಿಗೆಗೆ, ಕ್ರಯಕ್ಕಲ್ಲ. ಡೇರೆಯಲ್ಲಿ, ಬಿದಿರಿನ ಗುಡಿಸಲಲ್ಲಿ ಇದ್ದುಕೊಂಡು ಕಾಡು ಕಡಿದರು, ಮುಸುಕಿನ ಜೋಳ ಹಾಕಿದರು, ಮನೆ ಕಟ್ಟಿಕೊಂಡರು. 1969ರಲ್ಲಿ ಪಕ್ಕದಲ್ಲೇ ಇನ್ನೊಂದು ವಸತಿ, 1972ರಲ್ಲಿ ಹುಣಸೂರಿನ ಗುರುಪುರ. ಮೂರು ಕಡೆಯೂ ಕ್ರಮ ಒಂದೇ. ಮನೆಯಲ್ಲಿ ಕುಟುಂಬ ಬಾಳುತ್ತೆ, ಹೊಲ ಉಳುತ್ತೆ, ಆದರೆ ನೆಲವನ್ನು ಹೊರಗಿನವರಿಗೆ ಮಾರುವ ಹಾಗಿಲ್ಲ. ಸುತ್ತಮುತ್ತ ಎಕರೆ ಬೆಲೆ ಎಲ್ಲಿಗೇ ಹೋಗಲಿ, ಕ್ಯಾಂಪಿನ ಮನೆ ಅದರ ಜೊತೆ ಓಡಲ್ಲ.

ಇದನ್ನೇ ಬೇರೆ ದೇಶಗಳಲ್ಲಿ ಲ್ಯಾಂಡ್ ಟ್ರಸ್ಟ್ ಅಂತಾರೆ. ನೆಲ ಟ್ರಸ್ಟಿನದು, ಸಾಮಾನ್ಯವಾಗಿ 99 ವರ್ಷದ ಗುತ್ತಿಗೆ. ಮನೆ ಮಾತ್ರ ನಿಮ್ಮದು. ಬಿಟ್ಟು ಹೋಗುವಾಗ ಹಾಕಿದ ದುಡ್ಡಿನ ಮೇಲೆ ಒಂದು ಪಾಲು ಲಾಭ ಸಿಗುತ್ತೆ, ಪೂರ್ತಿ ಅಲ್ಲ. ಹಾಗಾಗಿ ಮುಂದೆ ಬರೋನಿಗೂ ಮನೆ ಎಟುಕುತ್ತೆ. ಮೊದಲ ಟ್ರಸ್ಟನ್ನು 1969ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕಪ್ಪು ರೈತರು ಕಟ್ಟಿದರು. ಅವರ ಜೊತೆಗಿದ್ದ ರಾಬರ್ಟ್ ಸ್ವಾನ್‌ಗೆ ಸ್ಫೂರ್ತಿಯಾದವುಗಳಲ್ಲಿ ವಿನೋಬಾ ಅವರ ಗ್ರಾಮದಾನವೂ ಒಂದು. ಆ ಗ್ರಾಮದಾನಕ್ಕೆ ನೆಹರೂ, ರಾಜೇಂದ್ರ ಪ್ರಸಾದ್, ಇಎಂಎಸ್ ಸೇರಿದಂತೆ ಎಲ್ಲ ಪಕ್ಷದವರೂ ಒಟ್ಟಿಗೆ ಕೂತು ಒಪ್ಪಿಗೆ ಕೊಟ್ಟಿದ್ದು ಎಲ್ಲಿ ಗೊತ್ತೇ? ಇಲವಾಲದಲ್ಲಿ, 1957ರ ಸೆಪ್ಟೆಂಬರಿನಲ್ಲಿ. ಮೈಸೂರಿಂದ ನಮ್ಮ ಕೃಷ್ಣರಾಜನಗರದ ಬಸ್ಸು ಹಾದುಹೋಗುವ ಅದೇ ಇಲವಾಲ! ನಾವಲ್ಲಿ ಈಗ ನೋಡೋದು ಲೇಔಟ್ ಬೋರ್ಡುಗಳನ್ನ.

2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದವು. ಉಳುಮೆ ಗೊತ್ತಿಲ್ಲದವರೂ ಜಮೀನು ಕೊಳ್ಳಬಹುದು ಅಂತಾಯ್ತು. ನಮ್ಮಂಥ ಸಂಬಳದವರ ವೀಕೆಂಡ್ ಫಾರ್ಮ್ ಆಸೆಗೆ ದಾರಿ ಸಲೀಸಾಯ್ತು ನೋಡಿ. ನಾವು ಕಾಲು ಎಕರೆಗೆ ಕೊಡೋ ರೇಟು ಊರಿನ ರೇಟಾಗುತ್ತೆ. ಅದೇ ಊರಲ್ಲಿ ನಾಟಿ ಹಾಕೋ ಹೆಂಗಸಿನ ಮಗ ಮೂವತ್ತು ನಲವತ್ತರ ಸೈಟು ಎಲ್ಲಿಂದ ತಗೊಳ್ತಾನೆ? ಸರ್ಕಾರ ಕೊಡೋ ಸೈಟಿಗೆ ಇಷ್ಟು ವರ್ಷ ಮಾರಬಾರದು ಅಂತ ಷರತ್ತಿರುತ್ತೆ, ನಿಜ. ಅವಧಿ ಮುಗಿದ ಮೇಲೆ ಅದೂ ಮಾರ್ಕೆಟ್ಟಿಗೇ ಬರುತ್ತೆ.

ಹಾಗಂತ ಬೈಲಕುಪ್ಪೆಯನ್ನ ಹೊಗಳಿ ಮುಗಿಸೋಕೂ ಆಗಲ್ಲ. ಅಲ್ಲಿ ನೆಲದೊಡೆಯ ಸರ್ಕಾರ. ಟ್ರಸ್ಟ್ ಪದ್ಧತಿಯಲ್ಲಿ ಮಂಡಳಿಯ ಮೂರನೇ ಒಂದು ಭಾಗ ಅಲ್ಲಿ ವಾಸಿಸೋರೇ ಇರ್ತಾರೆ, ಗುತ್ತಿಗೆಯ ಷರತ್ತು ಅವರನ್ನು ಕೇಳದೆ ಬದಲಾಗಲ್ಲ. ಇಲ್ಲಿ ಬಂದು ಐವತ್ತು ವರ್ಷ ದಾಟಿದ ಮೇಲೆ, 2014ರ ಕೇಂದ್ರದ ಪುನರ್ವಸತಿ ನೀತಿಯಲ್ಲಿ, ರಾಜ್ಯಗಳು 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡಿ ಅಂತ ಹೇಳಬೇಕಾಯ್ತು. ಇಪ್ಪತ್ತು ವರ್ಷ ಅಂದ್ರೆ ನಮ್ಮ ಒಂದು ಹೋಮ್ ಲೋನ್ ಅವಧಿ. ಮಾರುಕಟ್ಟೆಯಿಂದ ಕಾಪಾಡೋ ಗೋಡೆ ಇದೆ, ಒಡೆಯನಿಂದ ಕಾಪಾಡೋ ಗೋಡೆ ತೆಳು. ಅಮೆರಿಕದವರ ಕಥೆಯೂ ಸುಖಾಂತ್ಯವಲ್ಲ. ಬರ ಬಂದಾಗ ಹೊತ್ತಿಗೆ ಸಾಲ ಸಿಗದೆ ಜಾರ್ಜಿಯಾದ ಆ 5,700 ಎಕರೆ 1985ರಲ್ಲಿ ಕೈತಪ್ಪಿತು. ಕೃಷಿ ಇಲಾಖೆಯ ತಾರತಮ್ಯಕ್ಕೆ ಪರಿಹಾರ ಸಿಕ್ಕಿದ್ದು 2009ರಲ್ಲಿ.

ಇನ್ನೂ ಚುಚ್ಚೋ ಮಾತು ಗುರುಪುರ ಇರೋ ಹುಣಸೂರು ತಾಲ್ಲೂಕಿನಲ್ಲೇ ಇದೆ. ನಾಗರಹೊಳೆಯಿಂದ ಎಬ್ಬಿಸಿ ತಂದ ಜೇನುಕುರುಬರ ನಾಗಾಪುರ ಹಾಡಿಗಳು ಅಲ್ಲಿವೆ. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಎಣಿಸಿದ್ದು, ಕಾಡು ಕಳಕೊಂಡ 3,418 ಆದಿವಾಸಿ ಕುಟುಂಬ. ಗಡಿ ದಾಟಿ ಬಂದವರನ್ನು ಸರ್ಕಾರ ಒಂದು ಸಮುದಾಯ ಅಂತ ನೋಡಿ ಒಟ್ಟಿಗೆ ನೆಲ ಕೊಟ್ಟಿತು. ಇಲ್ಲೇ ಹುಟ್ಟಿದವರನ್ನು ಫಲಾನುಭವಿಗಳು ಅಂತ ಬಿಡಿಬಿಡಿಯಾಗಿ ಎಣಿಸಿತು. ಇದರಲ್ಲಿ ಟಿಬೆಟಿಯನ್ನರ ತಪ್ಪೇನಿಲ್ಲ, ಕೊಡೋ ಕೈಯ ಅಭ್ಯಾಸ ಅಷ್ಟೆ.

ಮಾರೋಕಾಗದ ಹಕ್ಕು ನಮ್ಮ ಕಾನೂನಿಗೆ ಹೊಸದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರ ಮಕ್ಕಳಿಗೆ ಹೋಗುತ್ತೆ, ಮಾರೋಕೆ ಬರಲ್ಲ. ಇದನ್ನೇ ಪಂಚಾಯ್ತಿ ಸೈಟಿಗೂ ಅನ್ವಯಿಸಿ, ನೆಲ ಗ್ರಾಮಸಭೆಯ ಹೆಸರಲ್ಲಿ, ಮನೆ ಕಟ್ಟಿಕೊಂಡವರ ಹೆಸರಲ್ಲಿ ಯಾಕಿರಬಾರದು? ಇದನ್ನ ಊರಲ್ಲಿ ಕೇಳಿದ್ರೆ ಬರೋ ಮೊದಲ ಪ್ರಶ್ನೆ ನಂಗೊತ್ತು: ‘ಬ್ಯಾಂಕಿನೋರು ಸಾಲ ಕೊಡ್ತಾರಾ?’ ನ್ಯಾಯವಾದ ಪ್ರಶ್ನೆ. ಜಾರ್ಜಿಯಾದವರು ಮುಗ್ಗರಿಸಿದ್ದೂ ಅಲ್ಲೇ. ಉತ್ತರ ಕೊಡಬೇಕಾದೋರು ಬ್ಯಾಂಕಿನವರು. ಅವರ ಸಾಫ್ಟ್‌ವೇರ್ ಬರೆಯೋ ನಮ್ಮಂಥವರು ಮೊದಲು ಆ ಪ್ರಶ್ನೆಯನ್ನ ಅವರ ಮುಂದೆ ಇಡಬಹುದು.