ಅರ್ಥವಿತ್ತು, ಉಚ್ಚಾರವಿತ್ತು, ಪದವೇ ಇರಲಿಲ್ಲ

1934ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ಮೆರಿಯಮ್ ಕಂಪನಿ ‘ವೆಬ್‌ಸ್ಟರ್ಸ್ ನ್ಯೂ ಇಂಟರ್‌ನ್ಯಾಷನಲ್ ಡಿಕ್ಷನರಿ’ಯ ಎರಡನೇ ಆವೃತ್ತಿಯನ್ನು ಹೊರತಂದಿತು. ಮೂರು ಸಾವಿರಕ್ಕೂ ಹೆಚ್ಚು ಪುಟಗಳ ಹೆಬ್ಬೊತ್ತಿಗೆ. ಅದರ 771ನೇ ಪುಟದಲ್ಲಿ, ಪುಟ್ಟ ಕಾಂಗರೂ ಜಾತಿಯೊಂದರ ಹೆಸರಿಗೂ ಬಂಗಾರದ ಬಣ್ಣ ಎಂಬರ್ಥದ ‘ಡೋರೇ’ಗೂ ನಡುವೆ ‘ಡಾರ್ಡ್’ ಎಂಬ ನಾಮಪದ ಕೂತಿತ್ತು. ಭೌತ ಮತ್ತು ರಸಾಯನ ವಿಜ್ಞಾನದ ಪದ; ಅರ್ಥ: ಸಾಂದ್ರತೆ. ಹೇಗೆ ಉಚ್ಚರಿಸಬೇಕೆಂದೂ ಪಕ್ಕದಲ್ಲೇ ಕೊಟ್ಟಿದ್ದರು.

ಕೊರತೆ ಒಂದೇ. ಅದನ್ನು ಅದುವರೆಗೆ ಯಾರೂ ಆಡಿರಲಿಲ್ಲ, ಬರೆದೂ ಇರಲಿಲ್ಲ.

ಇದರ ಜಾತಕ ಸಿಕ್ಕಿದ್ದು ಒಂದು ಚೀಟಿಯಲ್ಲಿ. ನಿಘಂಟಿನ ರಸಾಯನ ವಿಭಾಗದ ಸಂಪಾದಕ ಆಸ್ಟಿನ್ ಪ್ಯಾಟರ್ಸನ್ 1931ರ ಜುಲೈ 31ರಂದು ಕಳಿಸಿದ್ದ ಚೀಟಿ ಅದು. ಸಾಂದ್ರತೆಯನ್ನು ವಿಜ್ಞಾನಿಗಳು ದೊಡ್ಡಕ್ಷರದ ಡಿ ಇಲ್ಲವೇ ಸಣ್ಣಕ್ಷರದ ಡಿಯಿಂದ ಸೂಚಿಸುತ್ತಾರೆ. ಪ್ಯಾಟರ್ಸನ್ ಹೇಳಹೊರಟಿದ್ದೂ ಅಷ್ಟೇ: ಎರಡು ಡಿಗಳು, ನಡುವೆ ‘ಅಥವಾ’ ಎನ್ನುವ ‘ಆರ್’. ಹಳೆಯ ಆವೃತ್ತಿಯಲ್ಲಿ ಸಂಕ್ಷೇಪಗಳು ಪದಗಳ ಸಾಲಿನಲ್ಲೇ ಬೆರೆತಿದ್ದವು. ಹೊಸದರಲ್ಲಿ ಅವನ್ನೆಲ್ಲ ಕೊನೆಗೆ ಪ್ರತ್ಯೇಕವಾಗಿ ಕೊಡುವುದೆಂದು ತೀರ್ಮಾನವಾಗಿತ್ತು. ಸಂಕ್ಷೇಪಗಳ ಕಟ್ಟಿಗೆ ಸೇರಬೇಕಿದ್ದ ಚೀಟಿ ದಾರಿ ತಪ್ಪಿ ಪದಗಳ ಕಟ್ಟಿಗೆ ಬಂತು. ಅಲ್ಲಿ ಪದಗಳನ್ನು ಟೈಪ್ ಮಾಡುವಾಗ ಅಕ್ಷರ ಅಕ್ಷರಕ್ಕೂ ನಡುವೆ ಜಾಗ ಬಿಡುವ ರೂಢಿ ಇತ್ತು. ಹಾಗಾಗಿ ಪ್ಯಾಟರ್ಸನ್ ಬಿಟ್ಟಿದ್ದ ಜಾಗಕ್ಕೂ ಬೆಲೆ ಸಿಗಲಿಲ್ಲ. ಡಿ, ಓ, ಆರ್, ಡಿ ಒಟ್ಟಾಗಿ ಒಂದೇ ಪದವಾದವು. ಉಚ್ಚಾರಣೆಯ ಸಂಪಾದಕರು ಪಾಪ, ತಮ್ಮ ಪಾಲಿನ ಕೆಲಸ ಮಾಡಿ ಉಚ್ಚಾರಣೆ ಸೇರಿಸಿದರು. ಕರಡು ತಿದ್ದುವವರೂ ಸುಮ್ಮನೆ ದಾಟಿಸಿಬಿಟ್ಟರು.

ಸಿಕ್ಕಿಬಿದ್ದದ್ದು 1939ರ ಫೆಬ್ರುವರಿ 28ರಂದು. ಪುಟ ತಿರುವುತ್ತಿದ್ದ ಸಂಪಾದಕರೊಬ್ಬರಿಗೆ ಈ ಪದಕ್ಕೆ ವ್ಯುತ್ಪತ್ತಿಯನ್ನೇ ಕೊಟ್ಟಿಲ್ಲವಲ್ಲ ಎಂದು ಅನುಮಾನ ಬಂತು. ಲ್ಯಾಟಿನ್ನೋ ಗ್ರೀಕೋ, ಯಾವುದಾದರೂ ಮೂಲ ಇರಲೇಬೇಕಲ್ಲ! ಕಡತ ಕೆದಕಿದಾಗ ಬಣ್ಣ ಬಯಲಾಯಿತು. ಆದರೆ ಅಚ್ಚಿನ ಫಲಕದಿಂದ ಒಂದು ಸಾಲು ಕಿತ್ತರೆ ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ಅದನ್ನು ಮುಚ್ಚಲು ಕೆಳಗಿದ್ದ ‘ಡೋರೇ ಕುಲುಮೆ’ಯ ವಿವರಣೆಯನ್ನು ಎರಡು ಪದ ಹಿಗ್ಗಿಸಿದರು. ಅರ್ಥ ಮೊದಲಿನದೇ, ವಾಕ್ಯ ಮಾತ್ರ ಉದ್ದ. ಇಡೀ ಪ್ರಸಂಗದಲ್ಲಿ ಅತ್ಯಂತ ರಸವತ್ತಾದದ್ದು ಈ ಮೊಳೆ ಜೋಡಿಸುವವರ ಜಾಣತನವೇ. ಮುಂದೆ ಮೂರನೇ ಆವೃತ್ತಿಯ ಪ್ರಧಾನ ಸಂಪಾದಕರಾದ ಫಿಲಿಪ್ ಗೋವ್ 1954ರಲ್ಲಿ ‘ಅಮೆರಿಕನ್ ಸ್ಪೀಚ್’ ಪತ್ರಿಕೆಯಲ್ಲಿ ಈ ಕತೆಯನ್ನೆಲ್ಲ ಬಿಚ್ಚಿಟ್ಟರು. ಸಾಂದ್ರತೆಗೆ ಡಾರ್ಡ್ ಎಂದೇ ಅಂದಿದ್ದರೆ ಏನು ತಪ್ಪಿತ್ತು ಎಂಬ ಸಣ್ಣ ಮರುಕವೂ ಅವರಲ್ಲಿತ್ತು.

ಇಂಥವಕ್ಕೆ ‘ಭೂತಪದ’ ಎಂದು ಹೆಸರಿಟ್ಟವರು ಕೇಂಬ್ರಿಜ್‌ನ ವಿದ್ವಾಂಸ ವಾಲ್ಟರ್ ಸ್ಕೀಟ್, 1886ರಲ್ಲಿ. ಅವರು ಕೊಟ್ಟ ಉದಾಹರಣೆಯೊಂದು ನಮ್ಮ ದೇಶಕ್ಕೇ ಸಂಬಂಧಿಸಿದ್ದು. 1808ರ ‘ಎಡಿನ್‌ಬರೋ ರಿವ್ಯೂ’ ಪತ್ರಿಕೆ, ಹಿಂದೂಗಳಲ್ಲಿ ಕೆಲವರು ಕೈಗೆ ‘ಕೈಮ್ಸ್’ ಚುಚ್ಚಿಕೊಳ್ಳುತ್ತಾರೆ ಎಂದು ಬರೆದಿತ್ತು. ಅದೆಂಥ ಆಯುಧವೋ ಎಂದು ಓದುಗರು ತಲೆ ಕೆಡಿಸಿಕೊಳ್ಳಬೇಕು. ‘ನೈವ್ಸ್’, ಅಂದರೆ ಚಾಕುಗಳು, ಅಚ್ಚಿನಲ್ಲಿ ಕೆಟ್ಟು ಹಾಗಾಗಿತ್ತು.

ಎಲ್ಲ ಭೂತಗಳನ್ನೂ ಉಚ್ಚಾಟಿಸಲು ಆಗಿಲ್ಲ. ರೋಮಿನ ಸಿಸಿರೊ ಗೆಳೆಯ ಅಟ್ಟಿಕಸ್‌ಗೆ ಬರೆದ ಪತ್ರಗಳಲ್ಲಿ, ಪುಸ್ತಕದ ಸುರುಳಿಗೆ ಅಂಟಿಸುವ ತೊಗಲಿನ ಹೆಸರುಪಟ್ಟಿಗೆ ‘ಸಿಟ್ಟಿಬಾ’ ಎಂಬ ಗ್ರೀಕ್ ಮೂಲದ ಪದವಿತ್ತು. 15ನೇ ಶತಮಾನದಲ್ಲಿ ಆ ಪತ್ರಗಳು ಅಚ್ಚಾದಾಗ ಅದು ತಪ್ಪಾಗಿ ಬೇರೆಯೇ ರೂಪ ತಾಳಿತು. ಅದಕ್ಕೆ ಪಟ್ಟಿ ಎಂಬ ಅರ್ಥ ಅಂಟಿತು, ವಿಶ್ವವಿದ್ಯಾಲಯಗಳು ಎತ್ತಿಕೊಂಡವು. ನಮ್ಮ ಮಕ್ಕಳು ಪರೀಕ್ಷೆ ಮುಗಿಸಿ ಹೊರಬಂದು ‘ಔಟ್ ಆಫ್ ಸಿಲಬಸ್ ಕೊಟ್ಟಿದಾರೆ’ ಎಂದು ಗೊಣಗುವಾಗ ಬಳಸುವುದು ಅದೇ ಪದವನ್ನು.