ಬಿಸಿಲುಕೋಲಿನ ಔಚಿತ್ಯ

ಚಲಚ್ಚಿತ್ರದ ಯಂತ್ರವಿದ್ಯೆಯನ್ನು ವಿದ್ಯಾಲಯಗಳು ಕಲಿಸಬಲ್ಲವು, ರಸದೃಷ್ಟಿಯನ್ನು ಕಲಿಸಲಾರವು ಎಂದು ಹೇಳುವವರುಂಟು. ಈ ಭೇದಕಲ್ಪನೆಯನ್ನು ನಾವು ಒಪ್ಪಲಾರೆವು. ಮೈಸೂರಿನವರಾದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಅಭ್ಯಾಸಮಾಡಿ 1946ರಲ್ಲಿ ಡಿಪ್ಲೊಮಾ ಪಡೆದವರು. ಗುರುದತ್ತರು ನಿರ್ದೇಶಿಸಿದ, 1959ರಲ್ಲಿ ತೆರೆಕಂಡ ‘ಕಾಗಜ್ ಕೆ ಫೂಲ್’ ಚಿತ್ರದ ಒಂದು ಹಾಡಿಗಾಗಿ ಅವರು ಎರಡು ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ತಿರುಗಿಸಿ, ಕತ್ತಲೆಗವಿದ ಸ್ಟುಡಿಯೋದೊಳಕ್ಕೆ ಒಂದು ಬಿಸಿಲುಕೋಲನ್ನು ಇಳಿಸಿದರು. ಕನ್ನಡಿಯ ಕೋನವನ್ನು ಹೊಂದಿಸುವುದು ಯಂತ್ರವಿದ್ಯೆಯೇ ಸರಿ. ಆದರೆ ಒಂದಾಗಲಾರದ ಇಬ್ಬರ ನಡುವೆ ಆ ಬೆಳಕು ಸುರಿದಾಗ ಅವರ ವಿರಹವೇ ಕಣ್ಣಿಗೆ ಕಾಣುವಂತಾಯಿತು. ಇಲ್ಲಿ ಅಳತೆಯೆಲ್ಲಿ ಮುಗಿಯಿತು, ರಸವೆಲ್ಲಿ ಮೊದಲಾಯಿತು ಎಂದು ಗೆರೆಯೆಳೆಯುವವರಾರು?

ಇಂದು ಕಾಲೇಜುಗಳಲ್ಲಿ ವೀಡಿಯೋ ನಿರ್ಮಾಣವನ್ನು ಕಲಿಯುವವರಿಗೆ ಫಿಲ್ಮಿನ ವೆಚ್ಚವಿಲ್ಲ. ಒಂದೇ ದೃಶ್ಯವನ್ನು ನೂರು ಸಲ ತೆಗೆದು, ಬೇಡವಾದುದನ್ನು ಅಳಿಸಬಹುದು. ಬಡ ವಿದ್ಯಾರ್ಥಿಗೆ ಇದು ದೊಡ್ಡ ಉಪಕಾರವೆಂಬುದು ನಿರ್ವಿವಾದ. ಆದರೆ ನೂರರಲ್ಲಿ ಈ ಒಂದನ್ನೇ ಏಕೆ ಉಳಿಸಿದಿರಿ ಎಂದು ಕೇಳಿದರೆ ಅವರು ಕಾರಣವನ್ನು ಹೇಳಬಲ್ಲರೆ? ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದುದು ಈ ವಿವೇಕವನ್ನೇ. ಅದನ್ನು ಬೇರೊಂದು ತರಗತಿಗೆ ಮೀಸಲಿಡದೆ, ಕ್ಯಾಮರಾ ಹಿಡಿದ ಕೈಗೆ ಅಲ್ಲಿಯೇ ಕಲಿಸತಕ್ಕದ್ದು.