ದೂರಿಗೆ ಕಾಯುವ ನೀತಿಗಳು

1983ರ ಕರ್ನಾಟಕ ಶಿಕ್ಷಣ ಅಧಿನಿಯಮವು ರ‍್ಯಾಗಿಂಗನ್ನು ಅಪರಾಧವೆಂದು ಸಾರಿ, ತಮಾಷೆಗೆ ಮಾಡಿದೆವೆಂಬ ಸಮಜಾಯಿಷಿಗೂ ಎಡೆಗೊಡದೆ ಅದನ್ನು ನಿರೂಪಿಸಿದ ಕಾರಣ, ನಮ್ಮ ಮಕ್ಕಳಿಗೆ ಶಾಸನದ ರಕ್ಷೆ ಎಂದೋ ದೊರೆತಿದೆಯೆಂದು ನಂಬಿರುವವರು ಅನೇಕರು. 2015ರಲ್ಲಿ ಸಿಬಿಎಸ್‌ಇ ಮಂಡಳಿಯು ಕಿರುಕುಳ ತಡೆಗೆ ಸಮಿತಿಗಳನ್ನು ರಚಿಸುವಂತೆ ಶಾಲೆಗಳಿಗೆ ಸೂಚಿಸಿದ ಮೇಲೆ ಆ ನಂಬಿಕೆ ಇನ್ನಷ್ಟು ಬಲಿತಿದೆ. ಇದು ಆ ನಿಯಮಗಳ ಯೋಗ್ಯತೆಗೆ ಮೀರಿದ ಕೀರ್ತಿ.

ಅಧಿನಿಯಮದ ನಿರೂಪಣೆಯನ್ನು ನಿಧಾನವಾಗಿ ಪರಾಮರ್ಶಿಸಬೇಕು. ಮನುಷ್ಯನ ಘನತೆಗೆ ಕುಂದು ತರುವ, ವಿದ್ಯಾರ್ಥಿಯನ್ನು ನಗೆಪಾಟಲಿಗೆ ಗುರಿಮಾಡುವ ಕೃತ್ಯವನ್ನು ಅದು ಗುರುತಿಸುತ್ತದೆ, ಇಷ್ಟರಮಟ್ಟಿಗೆ ಸ್ತುತ್ಯವೇ. ಆದರೆ ಆ ಕೃತ್ಯವನ್ನು ಪೀಡಿತನಿಂದಲೇ ಮಾಡಿಸಿರಬೇಕು, ಇಲ್ಲವೆ ಅವನು ಮಾಡಬಹುದಾದುದನ್ನು ತಡೆದಿರಬೇಕು. ಅದೂ ಬೆದರಿಕೆ, ಅಕ್ರಮ ಬಂಧನ, ಗಾಯ, ಬಲಪ್ರಯೋಗಗಳ ಮೂಲಕ. ಬೆಂಗಳೂರಿನ ವಿಜಯನಗರದ ಒಂದು ಏಳನೆಯ ತರಗತಿಯನ್ನು ಭಾವಿಸಿಕೊಳ್ಳಿ. ಕೊಪ್ಪಳದ ಕಡೆಯಿಂದ ಬಂದು ಸೇರಿದ ಹುಡುಗ ಹಾಜರಿ ಕರೆದಾಗ 'ಬಂದೀನ್ರಿ' ಎಂದೊಡನೆ ಹಿಂದಿನ ಬೆಂಚಿನಿಂದ ಆ 'ರಿ' ಮಾತ್ರ ಎಳೆದೆಳೆದು ಮರುದನಿಸುತ್ತದೆ. ಊಟದ ಹೊತ್ತಿಗೆ ಅವನು ಕೂರುವ ಕಡೆ ಚೀಲಗಳು ಸಾಲಾಗಿ ಬಂದಿರುತ್ತವೆ. ಕಬಡ್ಡಿಗೆ ತಂಡ ಕಟ್ಟುವಾಗ ಅವನ ಹೆಸರನ್ನು ಯಾರೂ ಕರೆಯುವುದಿಲ್ಲ. ಅವನಿಂದ ಏನನ್ನೂ ಮಾಡಿಸಿಲ್ಲ, ಮೈ ಮುಟ್ಟಿಲ್ಲ, ಬೆದರಿಸಿಲ್ಲ. ದೀಪಾವಳಿಯ ರಜೆ ಬರುವಷ್ಟರಲ್ಲಿ ಅವನು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿರುತ್ತಾನೆ. ಶಾಸನದ ಪ್ರಕಾರ ಅಲ್ಲಿ ಏನೂ ನಡೆದೇ ಇಲ್ಲ! 2009ರ ಶಿಕ್ಷಣ ಹಕ್ಕಿನ ಕಾಯ್ದೆ ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ, ನಿಜ. ಆದರೆ ತಪ್ಪಿತಸ್ಥರಿಗೆ ಸೇವಾನಿಯಮದಂತೆ ಶಿಸ್ತುಕ್ರಮವೆನ್ನುವ ಆ ಪ್ರಕರಣದ ದೃಷ್ಟಿಯಿರುವುದು ಶಿಕ್ಷಕರ ಮೇಲೆ, ಸಹಪಾಠಿಗಳ ಮೇಲಲ್ಲ.

ಶಿಕ್ಷೆಯನ್ನು ಬಿಗಿಗೊಳಿಸಿದರೆ ಎಲ್ಲವೂ ಸರಿಹೋದೀತೆಂದು ವಾದಿಸುವ ವಿಮರ್ಶಕರೊಡನೆ ನನ್ನ ಜಗಳ ಇಲ್ಲಿಯೇ. ಅಮಾನತು, ದಂಡ, ಶಾಲೆಯಿಂದ ಉಚ್ಚಾಟನೆ, ಇವೆಲ್ಲ ಮಂಡಳಿಯ ಸುತ್ತೋಲೆಯಲ್ಲಿ ಆಗಲೇ ಇವೆ. ಅವು ಜಾರಿಗೆ ಬರಬೇಕಾದರೆ ಮೊದಲು ಯಾರಾದರೂ ದೂರಬೇಕು; ದೂರಿದವನಿಗೆ ಮರುದಿನವೇ ಚಾಡಿಕೋರನೆಂಬ ಹೆಸರು ಬೀಳುತ್ತದೆ, ಆ ಹೆಸರು ಎಸ್‌ಎಸ್‌ಎಲ್‌ಸಿಯವರೆಗೂ ಬೆನ್ನು ಬಿಡುವುದಿಲ್ಲ. ಉಚ್ಚಾಟಿತನಾದವನು ರಾಜಾಜಿನಗರ ಬಿಟ್ಟು ಕೆಂಗೇರಿಯ ಶಾಲೆ ಸೇರಿದರೆ ಅವನ ಅಭ್ಯಾಸವೂ ಅಲ್ಲಿಗೇ ಹೋಗುತ್ತದೆ. ಮಕ್ಕಳು ಹೀಗೆಯೇ ಗಟ್ಟಿಯಾಗುತ್ತಾರೆನ್ನುವ ಇನ್ನೊಂದು ಪಕ್ಷದವರಿಗೆ ಉತ್ತರ ಕೊಡುವ ಸಹನೆಯೂ ನನಗಿಲ್ಲ.

ದೂರಿಗೆ ಕಾಯದ ದಾರಿಯೂ ಇದೆ. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಶಾಲೆಗಳಲ್ಲಿ ಕಿರುಕುಳ ತಡೆಯುವ 'ಕಿವಾ' ಯೋಜನೆ ಪೀಡಕ ಮತ್ತು ಪೀಡಿತರೊಡನೆ, ನಗುತ್ತಲೋ ಸುಮ್ಮನೆಯೋ ನೋಡುವ ಉಳಿದ ಮಕ್ಕಳನ್ನೂ ಪಾಠದೊಳಕ್ಕೆ ತಂದಿತು. ನಮ್ಮ ತರಗತಿಯಲ್ಲಿ ಆ 'ರಿ'ಗೆ ನಕ್ಕವರು ಮೂವತ್ತು ಮಂದಿ. ಅವರ ಕುರಿತು ನಮ್ಮ ಅಧಿನಿಯಮ ಒಂದು ಮಾತನ್ನೂ ಆಡಿಲ್ಲ. ಯಾರ ಪಕ್ಕದಲ್ಲಿ ಯಾರು ಕುಳಿತು ಉಣ್ಣುತ್ತಾರೆಂಬುದನ್ನು ತರಗತಿಯ ಶಿಕ್ಷಕಿ ವಾರಕ್ಕೊಮ್ಮೆಯಾದರೂ ಗಮನಿಸಿ ಬರೆದಿಡಬೇಕೆಂಬ ಒಂದು ನಿಯಮವನ್ನು ಸೇರಿಸಿದ್ದರೆ, ಕೊಪ್ಪಳದ ಹುಡುಗ ದೂರದಿದ್ದರೂ ಅವನ ಸ್ಥಿತಿ ಜುಲೈ ತಿಂಗಳಲ್ಲಿಯೇ ಶಾಲೆಗೆ ತಿಳಿಯುತ್ತಿತ್ತು.